ಡಿಸೆಂಬರ್‌ನಲ್ಲಿ ಇನ್ನೊಂದು ಎಸ್‌ಎಟಿ: ಅಂಕ ಟೈಮಿಗೆ ತಲುಪಿದರೆ ಸಾಕಾ?

ಅಮೆರಿಕದಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಇನ್ನೊಂದು ಸಲ ಬರೆದು ನೋಡೋಣವಾ? ಕೆಲವರದು ಎರಡನೇ ಸಲ, ಕೆಲವರದು ಮೂರನೇ ಸಲ. ಇನ್ನು ಕೆಲವರು ಅಲ್ಲಿಯವರೆಗೆ ಒಂದು ಸಲವೂ ಬರೆದಿರುವುದಿಲ್ಲ. ಆಗ ಎಲ್ಲರೂ ಕೇಳುವುದು ಒಂದೇ, ಅಂಕ ಡೆಡ್‌ಲೈನ್ ಒಳಗೆ ಕಾಲೇಜಿಗೆ ತಲುಪುತ್ತಾ ಅಂತ. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ಆ ಅಂಕ ನೋಡಿದ ಮೇಲೆ ಏನನ್ನಾದರೂ ಬದಲಾಯಿಸುವುದಕ್ಕೆ ನಿಮಗೆ ಟೈಮ್ ಉಳಿದಿರುತ್ತಾ? ಎಲ್ಲಿಗೆ ಅರ್ಜಿ ಹಾಕಬೇಕು, ಯಾವ ಕಾಲೇಜಿಗೆ ಅರ್ಲಿ (ಮುಂಚಿನ ಸುತ್ತಿನಲ್ಲೇ) ಹಾಕಬೇಕು, ಅಂಕ ಕೊಡಬೇಕಾ ಬೇಡವಾ, ಇವೆಲ್ಲ ಮೊದಲೇ ತೀರ್ಮಾನವಾಗಿ ಹೋಗಿದ್ದರೆ, ಟೈಮಿಗೆ ಬಂದ ಅಂಕದಿಂದಲೂ ಆಗುವ ಉಪಯೋಗ ಅರ್ಧ ಮಾತ್ರ.

ಮೊದಲು ಕ್ಯಾಲೆಂಡರ್ ನೋಡೋಣ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟ್ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಸೀಟು ಸಿಕ್ಕರೆ ಸೇರಲೇಬೇಕಾದ ಅರ್ಲಿ ಡಿಸಿಷನ್, ಆ ಕಟ್ಟುಪಾಡಿಲ್ಲದ ಅರ್ಲಿ ಆಕ್ಷನ್, ಈ ಎರಡು ಮುಂಚಿನ ಸುತ್ತುಗಳಿಗೂ ಬಹಳಷ್ಟು ಕಾಲೇಜುಗಳಲ್ಲಿ ನವೆಂಬರ್ 1 ಕೊನೆ ದಿನ, ಕೆಲವಕ್ಕೆ ನವೆಂಬರ್ 15. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ ನವೆಂಬರ್ ಕೊನೆ. ರೆಗ್ಯುಲರ್ ಡಿಸಿಷನ್ ಅನ್ನುವ ಸಾಮಾನ್ಯ ಸುತ್ತು ಜನವರಿ ಮೊದಲ ವಾರಕ್ಕೆ ಬಂದು ನಿಲ್ಲುತ್ತದೆ. ಈಗ ಪರೀಕ್ಷೆಯ ದಿನಾಂಕಗಳನ್ನು ಇದರ ಪಕ್ಕ ಇಡಿ. 2025ರಲ್ಲಿ ಸೆಪ್ಟೆಂಬರ್ ಮುಗಿದ ಮೇಲೆ ಎಸ್‌ಎಟಿ ಇದ್ದದ್ದು ಅಕ್ಟೋಬರ್ 4, ನವೆಂಬರ್ 8, ಡಿಸೆಂಬರ್ 6ಕ್ಕೆ. ಫಲಿತಾಂಶ ಬರಲು ಸಾಮಾನ್ಯವಾಗಿ ಎರಡು ವಾರ ಬೇಕು. ಅಕ್ಟೋಬರ್ ಪರೀಕ್ಷೆಯ ಅಂಕ ಅದೇ ತಿಂಗಳ ಮಧ್ಯಕ್ಕೆ ಕೈಗೆ ಸಿಗುತ್ತದೆ, ನವೆಂಬರ್ 1ಕ್ಕೆ ಇನ್ನೂ ಎರಡು ವಾರ ಇರುತ್ತದೆ. ನವೆಂಬರ್ ಪರೀಕ್ಷೆಯ ಕಥೆಯೇ ಬೇರೆ. ಅರ್ಜಿ ಹಾಕಿ ಒಂದು ವಾರ ಆದ ಮೇಲೆ ಪರೀಕ್ಷೆ, ಮೂರು ವಾರ ಆದ ಮೇಲೆ ಅಂಕ. ಡಿಸೆಂಬರ್ ಪರೀಕ್ಷೆಯ ಅಂಕ ಬರುವುದು ಡಿಸೆಂಬರ್ ಮೂರನೇ ವಾರದಲ್ಲಿ, ಶಾಲೆಗಳು ಚಳಿಗಾಲದ ರಜೆಗೆ ಬಾಗಿಲು ಹಾಕುವ ಹೊತ್ತಿಗೆ. ಸಂಶಯ ಬಂದರೆ ಕೇಳೋಣ ಅಂದರೆ ಅರ್ಜಿಗೆ ಸಲಹೆ ಕೊಡುವ ಶಾಲೆಯ ಕೌನ್ಸೆಲರ್ ಕಚೇರಿಯಲ್ಲಿ ಯಾರೂ ಇರುವುದಿಲ್ಲ.

ಎಸ್‌ಎಟಿ ಬದಲು ಬರೆಯಬಹುದಾದ ಇನ್ನೊಂದು ಪರೀಕ್ಷೆ ಎಸಿಟಿಯದ್ದು ಇನ್ನೂ ಸ್ವಲ್ಪ ಕಷ್ಟ. ಅಂಕ ಬರಲು ಎರಡರಿಂದ ಎಂಟು ವಾರ ಬೇಕಾಗಬಹುದು ಅಂತ ಅವರೇ ಹೇಳುತ್ತಾರೆ. ಎಷ್ಟೋ ಜನರಿಗೆ ಎರಡು ವಾರದಲ್ಲೇ ಬರುತ್ತದೆ ನಿಜ, ಆದರೆ ಡಿಸೆಂಬರ್ ಮಧ್ಯದಲ್ಲಿ ಬರೆದು ಎಂಟು ವಾರ ಹಿಡಿದರೆ ಫೆಬ್ರವರಿ ಬಂದಿರುತ್ತದೆ. 2025ರಲ್ಲಿ ಎಸಿಟಿ ತನ್ನ ಪರೀಕ್ಷೆಯ ರೂಪವನ್ನೇ ಬದಲಾಯಿಸಿತು. 44 ಪ್ರಶ್ನೆ ಕಡಿಮೆ ಮಾಡಿ, ಸೈನ್ಸ್ ವಿಭಾಗವನ್ನು ಬೇಕಾದವರು ಮಾತ್ರ ಬರೆಯುವಂತೆ ಮಾಡಿತು. ಹಳೇ ರೂಪಕ್ಕೆ ತಯಾರಾಗಿ ಕೊನೆಗೆ ಹೊಸದನ್ನು ಬರೆಯುವ ಮಕ್ಕಳು ತಮ್ಮ ಕಾಲೇಜು ಸೈನ್ಸ್ ಕೇಳುತ್ತದಾ ಅನ್ನುವುದನ್ನೂ ನೋಡಿಕೊಳ್ಳಬೇಕು. ಕೆಲವು ಕಡೆ ಕೇಳುತ್ತಾರೆ.

ಈ ವಿಷಯ ಈಗ ಇಷ್ಟು ಬಿಸಿಯಾಗಿರುವುದಕ್ಕೆ ಕಾರಣ ಇದೆ. 2020ರಲ್ಲಿ ಕೋವಿಡ್ ಬಂದಾಗ ಪರೀಕ್ಷಾ ಕೇಂದ್ರಗಳು ಮುಚ್ಚಿದವು, ಬಹುತೇಕ ಎಲ್ಲ ದೊಡ್ಡ ಕಾಲೇಜುಗಳೂ ಅಂಕ ಕೊಡುವುದು ನಿಮ್ಮ ಇಷ್ಟ ಅಂದವು. ಆ ಒಂದೆರಡು ವರ್ಷ ತಡವಾಗಿ ಪರೀಕ್ಷೆ ಬರೆದು ಅಂಕ ಚೆನ್ನಾಗಿ ಬರದಿದ್ದರೂ ದಾರಿ ಇತ್ತು, ಸುಮ್ನೆ ಕೊಡದೇ ಇದ್ದರಾಯಿತು. ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂತು. ಎಂಐಟಿ 2022ರ ಮಾರ್ಚ್‌ನಲ್ಲೇ ಪರೀಕ್ಷೆಯನ್ನು ವಾಪಸ್ ತಂದಿತು. 2024ರ ಫೆಬ್ರವರಿಯಲ್ಲಿ ಡಾರ್ಟ್‌ಮತ್ ಮತ್ತು ಯೇಲ್, ಮಾರ್ಚ್‌ನಲ್ಲಿ ಬ್ರೌನ್ ಮತ್ತು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ, ಏಪ್ರಿಲ್‌ನಲ್ಲಿ ಹಾರ್ವರ್ಡ್, ಕ್ಯಾಲ್‌ಟೆಕ್, ಕಾರ್ನೆಲ್, ಜೂನ್‌ನಲ್ಲಿ ಸ್ಟ್ಯಾನ್‌ಫರ್ಡ್, 2025ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ಇದರಲ್ಲಿ ಹಾರ್ವರ್ಡ್‌ನದ್ದು ನೋಡಿ. ಏಪ್ರಿಲ್‌ನಲ್ಲಿ ಹೇಳಿ ಅದೇ ವರ್ಷ ಅರ್ಜಿ ಹಾಕುವ ಮಕ್ಕಳಿಗೇ ಅನ್ವಯಿಸಿತು. ಅಂದರೆ ಹನ್ನೊಂದನೇ ತರಗತಿ ಮುಗಿಸುತ್ತಿದ್ದ ಮಗುವಿಗೆ, ಪರೀಕ್ಷೆ ಬೇಡ ಅಂತ ನಂಬಿಕೊಂಡು ಕೂತಿದ್ದ ಮಗುವಿಗೆ, ತಯಾರಿಗೆ ಉಳಿದದ್ದು ಒಂದು ಬೇಸಿಗೆ ಅಷ್ಟೇ. ಅಂಥ ಮಕ್ಕಳು ಅಕ್ಟೋಬರ್, ನವೆಂಬರ್ ತನಕ ಪರೀಕ್ಷೆ ಎಳೆದರೆ ಅದನ್ನು ಸೋಮಾರಿತನ ಅನ್ನುವುದು ಅನ್ಯಾಯ.

ಎಲ್ಲ ಕಡೆಯೂ ಹೀಗಾಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೆ ಎಸ್‌ಎಟಿ, ಎಸಿಟಿ ಅಂಕ ನೋಡುವುದೇ ಇಲ್ಲ, ಕೊಟ್ಟರೂ ನೋಡುವುದಿಲ್ಲ. ಯೇಲ್ 2024ರಲ್ಲಿ ಪರೀಕ್ಷೆ ಕಡ್ಡಾಯ ಅಂದಾಗ ಎಸ್‌ಎಟಿ, ಎಸಿಟಿ, ಎಪಿ, ಐಬಿ ನಾಲ್ಕರಲ್ಲಿ ಯಾವುದಾದರೂ ನಡೆಯುತ್ತದೆ ಅಂತು. ಎಪಿ, ಐಬಿ ಅಂದರೆ ಹೈಸ್ಕೂಲಿನಲ್ಲೇ ಓದುವ ಮೇಲ್ಮಟ್ಟದ ಕೋರ್ಸುಗಳ ಪರೀಕ್ಷೆ. ಎಪಿ ಪರೀಕ್ಷೆಗಳು ಮೇ ತಿಂಗಳಲ್ಲೇ ಮುಗಿದಿರುತ್ತವೆ. ಅಲ್ಲಿ ಒಳ್ಳೆಯ ಅಂಕ ಇರುವ ಹುಡುಗನೊಬ್ಬ ನವೆಂಬರ್‌ನಲ್ಲಿ ಎಸ್‌ಎಟಿಗೆ ಓಡುವುದಕ್ಕೆ ಮುಂಚೆ ತನ್ನ ಕೈಯಲ್ಲಿ ಆಗಲೇ ಏನಿದೆ ಅಂತ ನೋಡಬೇಕು. ಹಾಗಾಗಿ ಮೊದಲ ಕೆಲಸ ಪರೀಕ್ಷೆಗೆ ಹೆಸರು ಕೊಡುವುದಲ್ಲ. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಕಾಲೇಜಿನ ಎದುರು ಮೂರು ವಿಷಯ ಬರೆದುಕೊಳ್ಳಿ: ಅಂಕ ಬೇಕೇ ಬೇಕಾ, ಯಾವ ತಿಂಗಳ ಪರೀಕ್ಷೆ ತನಕ ಒಪ್ಪುತ್ತಾರೆ, ನೀವೇ ನಮೂದಿಸಿದ ಅಂಕ ಸಾಕಾ ಅಥವಾ ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ನಿಂದ ನೇರ ಬರಬೇಕಾ. ಪಟ್ಟಿಯಲ್ಲಿರುವ ಹತ್ತು ಕಾಲೇಜುಗಳಲ್ಲಿ ಎರಡಕ್ಕೆ ಮಾತ್ರ ಅಂಕ ಬೇಕು, ಅದೂ ಅವೆರಡು ಪಟ್ಟಿಯ ಕೊನೆಯಲ್ಲಿವೆ ಅಂತ ಗೊತ್ತಾದರೆ ಮನೆಯ ಅರ್ಧ ಗಲಾಟೆ ಅಲ್ಲೇ ತಣ್ಣಗಾಗುತ್ತದೆ.

ಈ ಮೂರರಲ್ಲಿ ಎರಡನೆಯದನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಅರ್ಜಿಯ ಕೊನೆ ದಿನ ಬೇರೆ, ಪರೀಕ್ಷೆಯ ಕೊನೆ ದಿನ ಬೇರೆ. ನವೆಂಬರ್ 1ಕ್ಕೆ ಅರ್ಜಿ ಹಾಕಿದರೂ ನವೆಂಬರ್ ಪರೀಕ್ಷೆಯ ಅಂಕವನ್ನು ಅರ್ಲಿ ಸುತ್ತಿಗೇ ತೆಗೆದುಕೊಳ್ಳುವ ಕಾಲೇಜುಗಳಿವೆ. ಅಕ್ಟೋಬರ್‌ಗೇ ನಿಲ್ಲಿಸುವವೂ ಇವೆ. ಇನ್ನು ಕೆಲವು ಕಡೆ "ಬಂದರೆ ನೋಡುತ್ತೇವೆ, ಆದರೆ ನಿಮ್ಮ ಫೈಲ್ ಅದಕ್ಕಾಗಿ ಕಾಯುವುದಿಲ್ಲ" ಅನ್ನುತ್ತಾರೆ. ಈ ಕೊನೆಯ ಮಾತು ಕೇಳಲು ಸೌಮ್ಯವಾಗಿದೆ, ಆದರೆ ಅದರ ಅರ್ಥ ದೊಡ್ಡದು. ಕೊನೆ ದಿನ ಕಳೆದ ಕೂಡಲೇ ಅರ್ಜಿಗಳನ್ನು ಓದಲು ಶುರು ಮಾಡುತ್ತಾರೆ. ನಿಮ್ಮ ಅರ್ಜಿಯನ್ನು ನವೆಂಬರ್ 10ಕ್ಕೆ ಯಾರೋ ಓದಿ, ಟಿಪ್ಪಣಿ ಬರೆದು, ಮುಂದಿನವರಿಗೆ ಕಳಿಸಿದ್ದರೆ, ನವೆಂಬರ್ ಮೂರನೇ ವಾರ ಬಂದ ಹೊಸ ಅಂಕ ಆ ಫೈಲಿಗೆ ಸೇರುತ್ತದೆ ನಿಜ. ಆ ಮೊದಲ ಓದಿನ ಅಭಿಪ್ರಾಯದಲ್ಲಿ ಮಾತ್ರ ಅದು ಇರುವುದಿಲ್ಲ.

ನನಗೆ ಇಡೀ ವಿಷಯದಲ್ಲಿ ಜಾಸ್ತಿ ಚಿಂತೆ ಹುಟ್ಟಿಸುವುದು ಅರ್ಲಿ ಡಿಸಿಷನ್. ಅದು ಒಪ್ಪಂದ. ಸೀಟು ಸಿಕ್ಕರೆ ಅಲ್ಲಿಗೇ ಹೋಗುತ್ತೇನೆ, ಬೇರೆ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಮಗು, ತಂದೆತಾಯಿ, ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಆ ಒಂದು ಅವಕಾಶವನ್ನು ಎಲ್ಲಿ ಬಳಸಬೇಕು ಅನ್ನುವುದಕ್ಕೆ ಅಂಕ ಗೊತ್ತಿರಬೇಕು. ಒಂದು ಉದಾಹರಣೆ ತೆಗೆದುಕೊಳ್ಳಿ. ಒಬ್ಬಳು ಜೂನ್‌ನಲ್ಲಿ 1390 ತೆಗೆದಿದ್ದಾಳೆ. ಅವಳಿಗೆ ಇಷ್ಟವಾದ ಕಾಲೇಜಿನಲ್ಲಿ ಸೇರಿದವರ ನಡುವಿನ ಅರ್ಧ ಭಾಗದ ಅಂಕ 1480ರಿಂದ 1550. ಅವಳು ನವೆಂಬರ್ 8ರ ಪರೀಕ್ಷೆಗೆ ಹೆಸರು ಕೊಟ್ಟು, 1500 ಬಂದೇ ಬರುತ್ತದೆ ಅನ್ನುವ ಧೈರ್ಯದಲ್ಲಿ ನವೆಂಬರ್ 1ಕ್ಕೆ ಅಲ್ಲಿಗೆ ಅರ್ಲಿ ಡಿಸಿಷನ್ ಹಾಕುತ್ತಾಳೆ. ಬಂದದ್ದು 1420. ಈಗ ಆ ಅವಕಾಶ ಖರ್ಚಾಗಿದೆ. 1420ಕ್ಕೆ ಚೆನ್ನಾಗಿ ಹೊಂದುವ, ಅವಳಿಗೆ ಅಷ್ಟೇ ಇಷ್ಟವಿದ್ದ ಇನ್ನೊಂದು ಕಾಲೇಜಿಗೆ ಅದನ್ನೇ ಬಳಸಿದ್ದರೆ ಸೀಟು ಸಿಗುವ ಸಾಧ್ಯತೆ ಜಾಸ್ತಿ ಇತ್ತು. ಅವಳು ಪರೀಕ್ಷೆಯಲ್ಲಿ ಎಡವಿಲ್ಲ, 30 ಅಂಕ ಏರಿಸಿದ್ದಾಳೆ. ಎಡವಟ್ಟಾದದ್ದು ಅಂಕ ನೋಡುವ ಮೊದಲೇ ಸಹಿ ಹಾಕಿದ್ದರಲ್ಲಿ. ಇದನ್ನು ತಪ್ಪಿಸಲು ಒಂದೇ ದಾರಿ: ಅರ್ಲಿ ಡಿಸಿಷನ್ ಕಾಲೇಜನ್ನು ಕೈಯಲ್ಲಿರುವ ಅಂಕ ನೋಡಿ ಆರಿಸಿ, ಬರಬಹುದಾದ ಅಂಕ ನೋಡಿ ಆರಿಸಬೇಡಿ. ಬರಬಹುದಾದ ಅಂಕದ ಮೇಲೆ ಆಸೆ ಇದ್ದರೆ ರೆಗ್ಯುಲರ್ ಸುತ್ತು ಇದೆ. ಹಲವು ಕಾಲೇಜುಗಳಲ್ಲಿ ಜನವರಿಯ ಎರಡನೇ ಅರ್ಲಿ ಡಿಸಿಷನ್ ಸುತ್ತೂ ಇದೆ.

ಅಂಕ ಎಷ್ಟು ಏರಬಹುದು ಅನ್ನುವುದರ ಬಗ್ಗೆ ಮನೆಗಳಲ್ಲಿ ಇರುವ ಲೆಕ್ಕವೂ ಸ್ವಲ್ಪ ಸಡಿಲ. ಎಸ್‌ಎಟಿಯ ಒಂದೊಂದು ವಿಭಾಗದ ಅಂಕಕ್ಕೂ ಸುಮಾರು 30 ಅಂಕ ಆಚೆ ಈಚೆ ಅನ್ನುವ ಅಂತರವನ್ನು ಕಾಲೇಜ್ ಬೋರ್ಡೇ ಕೊಡುತ್ತದೆ. ಅದೇ ಮಗು, ಅಷ್ಟೇ ತಯಾರಿ, ಬೇರೆ ಶನಿವಾರ ಬರೆದರೆ ಅಷ್ಟು ಏರುಪೇರು ಸಹಜ. ಹಾಗಾಗಿ 1510 ಇರುವವರು 1530ಕ್ಕಾಗಿ ಡಿಸೆಂಬರ್‌ನಲ್ಲಿ ಮತ್ತೆ ಬರೆಯುವುದರಲ್ಲಿ ಅರ್ಥ ಕಾಣುವುದಿಲ್ಲ. ಅರ್ಜಿ ಓದುವವರಿಗೆ ಆ 20 ಅಂಕದಿಂದ ಹೊಸ ಸುದ್ದಿ ಏನೂ ಸಿಗುವುದಿಲ್ಲ. ಆದರೂ ದುಂಡನೆಯ ಸಂಖ್ಯೆಯ ಮೋಹ ದೊಡ್ಡದು. ಮೂವರು ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ನೂರರ ಗಡಿಯ ಸ್ವಲ್ಪ ಕೆಳಗೆ ನಿಂತವರು, ಅಂದರೆ 1290, 1390 ಥರದ ಅಂಕ ಬಂದವರು, ಗಡಿ ದಾಟಿದವರಿಗಿಂತ ಜಾಸ್ತಿ ಸಲ ಮತ್ತೆ ಪರೀಕ್ಷೆಗೆ ಕೂರುತ್ತಾರೆ. ಹತ್ತೇ ಅಂಕದ ವ್ಯತ್ಯಾಸ, ಆದರೆ ಮೊದಲ ಅಂಕಿಗಳು ಬೇರೆ ಅನ್ನುವ ಕಾರಣಕ್ಕೆ ಮನಸ್ಸು ಒಪ್ಪುವುದಿಲ್ಲ.

ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಹೇಳಬೇಕು, ಯಾಕೆಂದರೆ ಮತ್ತೆ ಬರೆಯುವುದೇ ದಂಡ ಅನ್ನುವವರಿಗೆ ಅದು ಉತ್ತರ. ಎಸ್‌ಎಟಿ ಬರೆಯುವವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಮತ್ತೆ ಬರೆಯುತ್ತಿದ್ದರು, ಬಡ ಮನೆಗಳ ಮಕ್ಕಳು ಇನ್ನೂ ಕಡಿಮೆ. ಆದರೆ ಮತ್ತೆ ಬರೆದಾಗ ಅಂಕ ಗಣನೀಯವಾಗಿ ಏರಿತು, ನಾಲ್ಕು ವರ್ಷದ ಕಾಲೇಜಿಗೆ ಸೇರುವವರ ಪ್ರಮಾಣವೂ ಏರಿತು, ಅದರ ಲಾಭ ಜಾಸ್ತಿ ಆದದ್ದು ಆ ಬಡ ಮಕ್ಕಳಿಗೇ. ಹೀಗಾಗಿ ಒಂದೇ ಸಲ ಬರೆದು, ಅದೂ ತಯಾರಿ ಇಲ್ಲದೆ ಬರೆದು, 1100 ತೆಗೆದ ಮಗುವಿಗೆ ಅಕ್ಟೋಬರ್ ಪರೀಕ್ಷೆ ಖಂಡಿತ ಬರಿ ಅಂತ ಹೇಳಬೇಕು. ಮೂರು ಸಲ ಬರೆದು 1500ರ ಆಸುಪಾಸು ನಿಂತವರಿಗೆ ನಿಲ್ಲಿಸು ಅಂತ ಹೇಳಬೇಕು. ದುಃಖ ಏನೆಂದರೆ ಇವತ್ತು ನಡೆಯುತ್ತಿರುವುದು ಬಹುಮಟ್ಟಿಗೆ ಇದರ ತಿರುಗುಮುರುಗು. ಕೋಚಿಂಗ್‌ಗೆ ದುಡ್ಡಿರುವ ಮನೆಗಳು ನಾಲ್ಕನೇ ಸಲಕ್ಕೆ ಸಿದ್ಧವಾಗುತ್ತವೆ, ಎರಡನೇ ಸಲ ಬರೆಯಬಹುದು ಅನ್ನುವುದನ್ನೇ ಯಾರೂ ಹೇಳದ ಮಕ್ಕಳು ಮೊದಲನೆಯದಕ್ಕೇ ಕೈ ತೊಳೆದುಕೊಳ್ಳುತ್ತಾರೆ.

ಇನ್ನು ತಡವಾದ ಪರೀಕ್ಷೆಯ ನಿಜವಾದ ಬೆಲೆ. ಅದು ಫೀಸಿನ 68 ಡಾಲರ್ ಅಲ್ಲ. ಅಕ್ಟೋಬರ್ ತಿಂಗಳ ಒಂದು ವಾರವನ್ನು ಹತ್ತಿರದಿಂದ ನೋಡಿ. ಬೆಳಗ್ಗೆಯಿಂದ ಮೂರು ಗಂಟೆಯವರೆಗೆ ಶಾಲೆ, ಅದರಲ್ಲಿ ನಾಲ್ಕೈದು ಎಪಿ ಕ್ಲಾಸು. ಸಂಜೆ ಆಟವೋ ಸಂಗೀತವೋ ಕೆಲಸವೋ. ರಾತ್ರಿ ಹೋಂವರ್ಕ್. ಇದರ ನಡುವೆ ಕಾಮನ್ ಆ್ಯಪ್‌ನ 650 ಪದಗಳ ಪ್ರಬಂಧ, ಪ್ರತಿ ಕಾಲೇಜಿನ "ನಮ್ಮಲ್ಲಿಗೇ ಯಾಕೆ" ಅನ್ನುವ ಪ್ರಬಂಧ, ಕ್ಯಾಲಿಫೋರ್ನಿಯಾಕ್ಕೆ 350 ಪದ ಮಿತಿಯ ನಾಲ್ಕು ಉತ್ತರ, ಶಿಕ್ಷಕರ ಹಿಂದೆ ಬಿದ್ದು ಶಿಫಾರಸು ಪತ್ರ, ಹಣಕಾಸು ನೆರವಿನ ಅರ್ಜಿ. ಎಸ್‌ಎಟಿಗೆ ವಾರಕ್ಕೆ ಎಂಟು ಗಂಟೆ ಕೊಡಬೇಕೆಂದರೆ ಆ ಎಂಟು ಗಂಟೆ ಇವುಗಳಿಂದಲೇ ಬರಬೇಕು. ಸಾಮಾನ್ಯವಾಗಿ ಮೊದಲು ಬಲಿಯಾಗುವುದು ಪ್ರಬಂಧ. ಅಭ್ಯಾಸ ಪರೀಕ್ಷೆಗೆ ಅಂಕ ಇರುತ್ತದೆ, ಏರಿತಾ ಇಳಿಯಿತಾ ಅಂತ ಕಣ್ಣಿಗೆ ಕಾಣುತ್ತದೆ. ಪ್ರಬಂಧದ ಮೂರನೇ ಕರಡು ಎರಡನೆಯದಕ್ಕಿಂತ ಚೆನ್ನಾಗಿದೆ ಅನ್ನುವುದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಆದ್ದರಿಂದ ಮನಸ್ಸು ತಾನಾಗಿಯೇ ಅಭ್ಯಾಸ ಪರೀಕ್ಷೆಯ ಕಡೆ ಓಡುತ್ತದೆ.

ಎರಡನೆಯದಾಗಿ ಬಲಿಯಾಗುವುದು ಆ ಸೆಮಿಸ್ಟರ್‌ನ ಗ್ರೇಡು. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹನ್ನೆರಡನೇ ತರಗತಿಯ ಅರ್ಧವಾರ್ಷಿಕ ಗ್ರೇಡುಗಳು ರೆಗ್ಯುಲರ್ ಸುತ್ತಿನಲ್ಲಿ ಕಾಲೇಜಿಗೆ ಹೋಗುತ್ತವೆ. ಎಸ್‌ಎಟಿಯಲ್ಲಿ 40 ಅಂಕ ಏರಿ, ಕ್ಯಾಲ್ಕುಲಸ್‌ನಲ್ಲಿ ಎ ಇದ್ದದ್ದು ಬಿ ಆದರೆ ಒಟ್ಟು ಲೆಕ್ಕದಲ್ಲಿ ನಷ್ಟವೇ. ಪ್ರವೇಶ ಸಮಿತಿಗಳು ನಾಲ್ಕು ವರ್ಷದ ಗ್ರೇಡು ಮತ್ತು ಆರಿಸಿಕೊಂಡ ವಿಷಯಗಳ ಕಷ್ಟವನ್ನೇ ಮೊದಲು ನೋಡುತ್ತವೆ, ಪರೀಕ್ಷೆ ಕಡ್ಡಾಯ ಮಾಡಿದ ಕಾಲೇಜುಗಳೂ ಅಂಕ ಒಂದರಿಂದಲೇ ಯಾರನ್ನೂ ತೆಗೆದುಕೊಳ್ಳುವುದಿಲ್ಲ.

ಪರೀಕ್ಷೆಯ ದಿನದ್ದೂ ಒಂದು ಮಾತು. ಈಗಿನ ಎಸ್‌ಎಟಿ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅಮೆರಿಕದ ಹೊರಗೆ 2023ರ ಮಾರ್ಚ್‌ನಿಂದ, ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ. ಒಟ್ಟು 2 ಗಂಟೆ 14 ನಿಮಿಷ, 98 ಪ್ರಶ್ನೆ. ಓದು-ಬರಹ ಎರಡು ಭಾಗ, ಗಣಿತ ಎರಡು ಭಾಗ. ಮೊದಲ ಭಾಗದಲ್ಲಿ ನೀವು ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೇ ಭಾಗ ಕಷ್ಟದ್ದು ಬರುತ್ತದಾ ಸುಲಭದ್ದು ಬರುತ್ತದಾ ಅಂತ ತೀರ್ಮಾನವಾಗುತ್ತದೆ. ಸುಲಭದ ಭಾಗ ಬಂದರೆ ಅದರಲ್ಲಿ ಎಲ್ಲ ಸರಿ ಮಾಡಿದರೂ ಮೇಲಿನ ಅಂಕ ಸಿಗುವುದಿಲ್ಲ. ಅಂದರೆ ಗಣಿತದ ಮೊದಲ 35 ನಿಮಿಷ, 22 ಪ್ರಶ್ನೆ, ಇಷ್ಟರಲ್ಲಿ ತಲೆ ಚುರುಕಾಗಿರಬೇಕು. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಪ್ರಬಂಧ ತಿದ್ದಿ, ನಾಲ್ಕು ಗಂಟೆ ಮಲಗಿ, ಬೆಳಗ್ಗೆ ಬಂದು ಕೂತ ಮಗು ಅಲ್ಲಿ ಎರಡು ಮೂರು ಸಣ್ಣ ತಪ್ಪು ಮಾಡಿದರೆ ಆಮೇಲೆ ಎಚ್ಚೆತ್ತುಕೊಂಡರೂ ಕಷ್ಟ. ನವೆಂಬರ್ 1ರ ಡೆಡ್‌ಲೈನ್ ಮುಗಿಸಿದ ಮರುವಾರ ಪರೀಕ್ಷೆ ಬರೆಯುವ ಎಷ್ಟೋ ಮಕ್ಕಳು ಈ ಸ್ಥಿತಿಯಲ್ಲೇ ಇರುತ್ತಾರೆ. ಬೇಸಿಗೆಯಲ್ಲಿ ಅಭ್ಯಾಸ ಪರೀಕ್ಷೆಯಲ್ಲಿ ಬಂದ ಅಂಕ ಆ ಶನಿವಾರ ಬರುವುದಿಲ್ಲ, ಯಾಕೆ ಬರಲಿಲ್ಲ ಅಂತ ಮನೆಯವರಿಗೆ ಅರ್ಥ ಆಗುವುದಿಲ್ಲ.

ಕೊನೆ ಪರೀಕ್ಷೆಗೆ ಎಲ್ಲ ಆಸೆ ಇಟ್ಟವರಿಗೆ ಇನ್ನೊಂದು ಅಪಾಯ ಇದೆ. ಏನಾದರೂ ಕೆಟ್ಟರೆ ರಿಪೇರಿಗೆ ದಿನ ಇರುವುದಿಲ್ಲ. 2025ರ ಮಾರ್ಚ್‌ನ ಎಸ್‌ಎಟಿಯಲ್ಲಿ ಪರೀಕ್ಷೆ ಬರೆಯುವ ಬ್ಲೂಬುಕ್ ಆ್ಯಪ್ ಕೆಲವು ಮಕ್ಕಳ ಉತ್ತರಗಳನ್ನು ಸಮಯ ಮುಗಿಯುವ ಮೊದಲೇ ತಾನಾಗಿ ಸಲ್ಲಿಸಿಬಿಟ್ಟಿತು. ಕಾಲೇಜ್ ಬೋರ್ಡ್ ಕ್ಷಮೆ ಕೇಳಿ, ದುಡ್ಡು ವಾಪಸ್ ಕೊಟ್ಟು, ಮತ್ತೆ ಬರೆಯಲು ಅವಕಾಶ ಕೊಟ್ಟಿತು. ಮಾರ್ಚ್ ಆಗಿದ್ದರಿಂದ ನಡೆಯಿತು, ಹನ್ನೊಂದನೇ ತರಗತಿಯವರಿಗೆ ಮೇ, ಜೂನ್, ಆಗಸ್ಟ್ ಮುಂದಿತ್ತು. ಅದೇ ಡಿಸೆಂಬರ್‌ನಲ್ಲಿ ಆಗಿದ್ದರೆ? ಹಿಮ ಬಿದ್ದು ಕೇಂದ್ರ ಮುಚ್ಚುವುದು, ಜ್ವರ ಬರುವುದು, ಪರಿಶೀಲನೆ ಅಂತ ಅಂಕ ತಡೆಹಿಡಿಯುವುದು, ಇವೆಲ್ಲ ಪ್ರತಿ ವರ್ಷ ಯಾರಿಗಾದರೂ ಆಗುತ್ತಲೇ ಇರುತ್ತವೆ. ಸೀಟಿನ ಸಮಸ್ಯೆ ಬೇರೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಪರೀಕ್ಷಾ ಕೇಂದ್ರಗಳು ಎಷ್ಟು ಕಡಿಮೆ ಅಂದರೆ ಮಕ್ಕಳು ಗಂಟೆಗಟ್ಟಲೆ ಕಾರಿನಲ್ಲಿ ಹೋಗಿ, ಕೆಲವರು ಬೇರೆ ರಾಜ್ಯಕ್ಕೆ ವಿಮಾನದಲ್ಲಿ ಹೋಗಿ ಬರೆದಿದ್ದಾರೆ. ಸ್ವಂತ ಲ್ಯಾಪ್‌ಟಾಪ್ ಇಲ್ಲದ ಮಗು ಕಾಲೇಜ್ ಬೋರ್ಡ್‌ನಿಂದ ಸಾಲ ಪಡೆಯಬಹುದು, ಆದರೆ ಅದಕ್ಕೆ ಕನಿಷ್ಠ 30 ದಿನ ಮೊದಲೇ ಕೇಳಬೇಕು. ಕಲಿಕೆಯ ತೊಂದರೆ ಅಥವಾ ಅಂಗವೈಕಲ್ಯದ ಕಾರಣ ಜಾಸ್ತಿ ಸಮಯ ಬೇಕಾದವರಿಗೆ ಅನುಮತಿ ಸಿಗಲು ಏಳು ವಾರದವರೆಗೆ ಹಿಡಿಯಬಹುದು. ಅಕ್ಟೋಬರ್ ಕೊನೆಗೆ ಎಚ್ಚೆತ್ತುಕೊಂಡರೆ ಇವರಿಗೆ ಡಿಸೆಂಬರ್ ಕೂಡ ಕೈತಪ್ಪುತ್ತದೆ.

ಅಂಕ ಕೈಗೆ ಬಂತು, ಚೆನ್ನಾಗಿಲ್ಲ, ಕಾಲೇಜು ಟೆಸ್ಟ್ ಆಪ್ಷನಲ್, ಅಂದರೆ ಅಂಕ ಕೊಡುವುದು ನಿಮ್ಮ ಇಷ್ಟ. ಕೊಡಬೇಕಾ ಬೇಡವಾ? ಡಿಸೆಂಬರ್ ಕೊನೆಯಲ್ಲಿ ಗಡಿಬಿಡಿಯಲ್ಲಿ ಎಲ್ಲರೂ ಮಾಡುವುದು ಒಂದೇ. ಆ ಕಾಲೇಜಿನಲ್ಲಿ ಸೇರಿದವರ ಅಂಕದ ಪಟ್ಟಿ ನೋಡುತ್ತಾರೆ, ತಮ್ಮದು ಅದಕ್ಕಿಂತ ಕೆಳಗಿದ್ದರೆ ಮುಚ್ಚಿಡುತ್ತಾರೆ. ಆದರೆ ಆ ಪಟ್ಟಿಯೇ ಉಬ್ಬಿದೆ, ಯಾಕೆಂದರೆ ಕಡಿಮೆ ಅಂಕದವರು ಯಾರೂ ಕೊಟ್ಟಿಲ್ಲ. ಡಾರ್ಟ್‌ಮತ್ 2024ರಲ್ಲಿ ಪರೀಕ್ಷೆ ವಾಪಸ್ ತರುವಾಗ ಕೊಟ್ಟ ದೊಡ್ಡ ಕಾರಣ ಇದೇ. ಅಲ್ಲಿಯ ಅಧ್ಯಾಪಕರು ಲೆಕ್ಕ ಹಾಕಿ ನೋಡಿದಾಗ, ಅನುಕೂಲ ಕಡಿಮೆ ಇರುವ ಹಿನ್ನೆಲೆಯಿಂದ ಬಂದ ಎಷ್ಟೋ ಮಕ್ಕಳು 1400ರ ಮೇಲಿನ ಅಂಕವನ್ನು ಕಡಿಮೆ ಆಯಿತು ಅಂತ ಕೊಟ್ಟೇ ಇರಲಿಲ್ಲ. ಕೊಟ್ಟಿದ್ದರೆ ಅವರಿಗೆ ಸೀಟು ಸಿಗುವ ಸಾಧ್ಯತೆ ಏರುತ್ತಿತ್ತು, ಯಾಕೆಂದರೆ ಆ ಅಂಕವನ್ನು ಅವರು ಓದಿದ ಶಾಲೆಯ ಉಳಿದ ಮಕ್ಕಳ ಅಂಕದ ಪಕ್ಕ ಇಟ್ಟು ನೋಡುತ್ತಾರೆ. ಇಂಥ ವಿವೇಚನೆಗೆ ಕೌನ್ಸೆಲರ್ ಜೊತೆ ಕೂತು ಮಾತಾಡುವಷ್ಟು ಸಮಯ ಬೇಕು. ಅಕ್ಟೋಬರ್‌ನಲ್ಲಿ ಅಂಕ ಬಂದರೆ ಅದು ಸಾಧ್ಯ. ಡಿಸೆಂಬರ್ ಮೂರನೇ ವಾರ ಬಂದರೆ ಮಗು ಒಂಟಿಯಾಗಿ ಕೂತು ತೀರ್ಮಾನ ಮಾಡುತ್ತದೆ, ಬಹಳಷ್ಟು ಸಲ ಭಯದಿಂದ ಮಾಡುತ್ತದೆ.

ಹಾಗಾದರೆ ಡಿಸೆಂಬರ್ ಪರೀಕ್ಷೆ ಯಾರಿಗೆ? ಕೆಲವರಿಗೆ ಅದು ನಿಜಕ್ಕೂ ಬೇಕು. ಅರ್ಲಿ ಸುತ್ತಿನಲ್ಲಿ ತೀರ್ಮಾನ ಮುಂದಕ್ಕೆ ಹಾಕಿಸಿಕೊಂಡ ಮಕ್ಕಳನ್ನು ನೋಡಿ. ಡಿಸೆಂಬರ್ ಮಧ್ಯದಲ್ಲಿ ಆ ಸುದ್ದಿ ಬರುತ್ತದೆ, ಅವರ ಫೈಲನ್ನು ರೆಗ್ಯುಲರ್ ಸುತ್ತಿನಲ್ಲಿ ಮತ್ತೆ ಓದುತ್ತಾರೆ. ಅಂಥವರು ಡಿಸೆಂಬರ್ 6ಕ್ಕೆ ಬರೆದಿದ್ದರೆ, ಅಂಕ ಏರಿದ್ದರೆ, ಹೊಸ ಸುದ್ದಿ ಅಂತ ಕಳಿಸಲು ಅವರ ಹತ್ತಿರ ಏನಾದರೂ ಇರುತ್ತದೆ. ಸುದ್ದಿ ಬರುವ ಮೊದಲೇ ಹೆಸರು ಕೊಟ್ಟಿರಬೇಕು ಅನ್ನುವುದೇ ಇದರ ಕಷ್ಟ, ಸುದ್ದಿ ಬಂದ ಮೇಲೆ ಪರೀಕ್ಷೆ ಇರುವುದಿಲ್ಲ. ಅಂಕದ ಮೇಲೇ ಸ್ಕಾಲರ್‌ಶಿಪ್ ನಿಗದಿ ಮಾಡುವ ಅಲಬಾಮಾದಂಥ ರಾಜ್ಯ ವಿಶ್ವವಿದ್ಯಾಲಯಗಳಿವೆ. ಅಲ್ಲಿ ಒಂದು ಹಂತ ದಾಟಿದರೆ ವರ್ಷಕ್ಕೆ ಸಾವಿರಾರು ಡಾಲರ್ ಉಳಿಯುತ್ತದೆ, ಆದ್ದರಿಂದ ಹಂತದ ಹತ್ತಿರ ನಿಂತವರಿಗೆ 20 ಅಂಕವೂ ಲೆಕ್ಕಕ್ಕೆ ಬರುತ್ತದೆ. ಆದರೆ ಸ್ಕಾಲರ್‌ಶಿಪ್‌ನ ಕೊನೆ ದಿನ ಎಷ್ಟೋ ಕಡೆ ಪ್ರವೇಶದ ಕೊನೆ ದಿನಕ್ಕಿಂತ ಮೊದಲೇ ಇರುತ್ತದೆ, ಅದನ್ನು ಬೇರೆಯಾಗಿ ಹುಡುಕಿ ನೋಡಬೇಕು. ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಸ್ಪರ್ಧೆಯಲ್ಲಿ ಸೆಮಿಫೈನಲಿಸ್ಟ್ ಆದವರೂ ಅಲ್ಲಿಗೆ ತಲುಪಿಸಿದ ಪಿಎಸ್‌ಎಟಿ ಅಂಕವನ್ನು ದೃಢಪಡಿಸಲು ಡಿಸೆಂಬರ್‌ವರೆಗಿನ ಎಸ್‌ಎಟಿ ಅಥವಾ ಎಸಿಟಿ ಬಳಸಬಹುದು. ಇನ್ನು ಪರೀಕ್ಷೆ ಕಡ್ಡಾಯ ಇರುವ ಕಡೆ ಹೋಗಬೇಕು, ಕೈಯಲ್ಲಿ ಒಂದೂ ಅಂಕ ಇಲ್ಲ ಅನ್ನುವವರಿಗೆ ಯೋಚನೆಯೇ ಬೇಡ, ಬರೆಯಲೇಬೇಕು.

ಸೂಪರ್‌ಸ್ಕೋರ್ ಮಾಡುವ ಕಾಲೇಜುಗಳ ವಿಷಯದಲ್ಲಿ ತಡವಾಗಿ ಬರೆಯುವವರಿಗೆ ಒಂದು ಅನುಕೂಲ ಇದೆ. ಬೇರೆ ಬೇರೆ ದಿನ ಬರೆದ ಪರೀಕ್ಷೆಗಳಲ್ಲಿ ಪ್ರತಿ ವಿಭಾಗದ ಅತ್ಯುತ್ತಮ ಅಂಕ ಸೇರಿಸಿ ನೋಡುತ್ತಾರೆ. ಗಣಿತದಲ್ಲಿ 780 ಇದ್ದು ಓದು-ಬರಹದಲ್ಲಿ 650 ಇರುವ ಮಗು ಅಕ್ಟೋಬರ್‌ಗೆ ಓದು-ಬರಹ ಒಂದಕ್ಕೇ ತಯಾರಾದರೆ ಸಾಕು. ಅದಕ್ಕೆ ವಾರಕ್ಕೆ ಮೂರು ಗಂಟೆ ಸಿಕ್ಕರೂ ಆದೀತು, ಎಂಟು ಬೇಕಿಲ್ಲ. ಆದರೆ ಜಾರ್ಜ್‌ಟೌನ್‌ನಂಥ ಕಡೆ ಬರೆದ ಎಲ್ಲ ಪರೀಕ್ಷೆಗಳ ಅಂಕವನ್ನೂ ಕೇಳುತ್ತಾರೆ. ಅಲ್ಲಿ "ಚೆನ್ನಾಗಿ ಬರದಿದ್ದರೆ ತೋರಿಸದಿದ್ದರಾಯಿತು" ಅನ್ನುವ ಲೆಕ್ಕ ನಡೆಯುವುದಿಲ್ಲ. ಆ ಕಾಲೇಜು ಪಟ್ಟಿಯಲ್ಲಿದ್ದರೆ ತಯಾರಿ ಇಲ್ಲದ ಡಿಸೆಂಬರ್ ಪ್ರಯತ್ನ ಬೇಡ ಅಂತಲೇ ನಾನು ಹೇಳುತ್ತೇನೆ.

ನನ್ನ ಸಲಹೆ ಕೇಳಿದರೆ, ಹನ್ನೊಂದನೇ ತರಗತಿಯ ಮಾರ್ಚ್ ಅಥವಾ ಮೇ ತಿಂಗಳಲ್ಲಿ ಮೊದಲ ಸಲ, ಆಗಸ್ಟ್‌ನಲ್ಲಿ ಎರಡನೇ ಸಲ. ಆಗಸ್ಟ್ ಪರೀಕ್ಷೆಗೆ ಬೇಸಿಗೆ ರಜೆಯಲ್ಲಿ ಓದಬಹುದು, ಅಂಕ ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಬರುತ್ತದೆ, ಆಮೇಲೆ ಪಟ್ಟಿ ಮಾಡಲು, ಅರ್ಲಿ ತೀರ್ಮಾನಿಸಲು ಪೂರ್ತಿ ಎರಡು ತಿಂಗಳು ಇರುತ್ತದೆ. ಅಕ್ಟೋಬರ್ ಅನ್ನು ಮೀಸಲಿಡಿ, ಜ್ವರ ಬಂದರೆ, ಕೇಂದ್ರ ರದ್ದಾದರೆ ಇರಲಿ ಅಂತ. ನವೆಂಬರ್‌ನಲ್ಲಿ ಬರೆಯುವವರು ಮುಖ್ಯ ಪ್ರಬಂಧ ಮುಗಿದಿದ್ದರೆ ಮಾತ್ರ ಬರೆಯಲಿ. ಎರಡು ಪೂರ್ತಿ ಅಭ್ಯಾಸ ಪರೀಕ್ಷೆಗಳಲ್ಲಿ ಹಳೇ ಅಂಕಕ್ಕಿಂತ 50ರಷ್ಟಾದರೂ ಮೇಲೆ ಬರದೇ ಇದ್ದರೆ ಹೆಸರು ಕೊಡುವುದೇ ಬೇಡ. ಈ 50 ನನ್ನ ಅಂದಾಜು, ಯಾವ ಕಾಲೇಜಿನ ನಿಯಮವೂ ಅಲ್ಲ. ಆದರೆ ಪರೀಕ್ಷೆಯ ಸಹಜ ಏರುಪೇರಿಗಿಂತ ಮೇಲಿನ ಒಂದು ಗುರುತು ಇಟ್ಟುಕೊಳ್ಳದಿದ್ದರೆ ಆಸೆಗೆ ಕೊನೆ ಇರುವುದಿಲ್ಲ, ಅಲ್ವಾ?

ಮಕ್ಕಳಿಗೆ ಇಷ್ಟೆಲ್ಲ ಹೇಳುವಾಗ ಕಾಲೇಜುಗಳಿಗೂ ಹೇಳಬೇಕಾದ್ದಿದೆ. ನವೆಂಬರ್ 1ಕ್ಕೆ ಅರ್ಲಿ ಡೆಡ್‌ಲೈನ್ ಇಟ್ಟು, ಅದರ ಮರುವಾರ ಪರೀಕ್ಷೆ ಇದೆ ಅಂತ ಗೊತ್ತಿದ್ದೂ, ಆ ಅಂಕದ ಗತಿ ಏನು ಅನ್ನುವುದನ್ನು ವೆಬ್‌ಸೈಟಿನ ನಾಲ್ಕನೇ ಪುಟದ ಯಾವುದೋ ಮೂಲೆಯಲ್ಲಿ ಬರೆಯುವುದು ಸರಿಯಲ್ಲ. ಕೌನ್ಸೆಲರ್ ಇರುವ ಮಗು ಅದನ್ನು ಕೇಳಿ ತಿಳಿಯುತ್ತದೆ. ಒಬ್ಬ ಕೌನ್ಸೆಲರ್‌ಗೆ ನೂರಾರು ಮಕ್ಕಳಿರುವ ಸರ್ಕಾರಿ ಶಾಲೆಯ ಮಗುವಿಗೆ ಅದು ತಿಳಿಯುವುದೇ ಇಲ್ಲ. ಪ್ರತಿ ಕಾಲೇಜೂ ಡೆಡ್‌ಲೈನ್ ಪಕ್ಕದಲ್ಲೇ ಎರಡು ಸಾಲು ಸೇರಿಸಬಹುದು: ಈ ಸುತ್ತಿಗೆ ನಾವು ಒಪ್ಪುವ ಕೊನೆಯ ಎಸ್‌ಎಟಿ ಮತ್ತು ಎಸಿಟಿ ಇಂಥ ದಿನದ್ದು, ಆ ಅಂಕ ಬರುವವರೆಗೆ ಫೈಲ್ ಕಾಯುತ್ತದೆ ಅಥವಾ ಕಾಯುವುದಿಲ್ಲ. ನೀತಿ ಬದಲಾಯಿಸುವವರು ಹನ್ನೊಂದನೇ ತರಗತಿ ಶುರುವಾಗುವ ಮೊದಲೇ ಹೇಳಬೇಕು. ಕಾರ್ನೆಲ್ ಮತ್ತು ಸ್ಟ್ಯಾನ್‌ಫರ್ಡ್ ಒಂದು ವರ್ಷ ಮುಂಚೆಯಾದರೂ ಹೇಳಿದವು, ಅಷ್ಟನ್ನು ಎಲ್ಲರೂ ಮಾಡಬಹುದು.

ಅದು ಆಗುವವರೆಗೆ ಮಗುವೇ ಪ್ರವೇಶ ಕಚೇರಿಗೆ ಒಂದು ಸಣ್ಣ ಇಮೇಲ್ ಬರೆಯಲಿ. ತಂದೆತಾಯಿ ಬರೆಯುವುದು ಬೇಡ, ಅರ್ಜಿ ಹಾಕುವವರೇ ಬರೆಯುವುದು ಅಲ್ಲಿಯ ರೂಢಿ. ಹೆಸರು, ಶಾಲೆ, ಯಾವ ಸುತ್ತು, ಯಾವ ದಿನದ ಪರೀಕ್ಷೆ. ಆಮೇಲೆ ಎರಡು ಪ್ರಶ್ನೆ: ಈ ಅಂಕವನ್ನು ಇದೇ ಸುತ್ತಿಗೆ ತೆಗೆದುಕೊಳ್ಳುತ್ತೀರಾ, ಬಂದ ಕೂಡಲೇ ನಾನೇ ಅರ್ಜಿ ಪೋರ್ಟಲ್‌ನಲ್ಲಿ ಸೇರಿಸಿದರೆ ಸಾಕಾ ಅಥವಾ ಕಾಲೇಜ್ ಬೋರ್ಡ್‌ನಿಂದಲೇ ಬರಬೇಕಾ? ಇದನ್ನು ಪರೀಕ್ಷೆಗೆ ಹೆಸರು ಕೊಡುವ ಮೊದಲು ಕಳಿಸಿ, ಬಂದ ಉತ್ತರವನ್ನು ಎತ್ತಿಡಿ.